ಗಡಿಯ ಎರಡೂ ಕಡೆಯ ಮದ್ದು, ಒಂದೇ ತೊಟ್ಟೆಯಲ್ಲಿ

ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಬದಿಯಡ್ಕ, ಪೆರ್ಲ, ಕುಂಬ್ಡಾಜೆ ಕಡೆ ಪ್ರೆಶರ್, ಶುಗರ್ ಇರುವ ತುಂಬಾ ಜನರಿಗೆ ಇಬ್ಬರು ಡಾಕ್ಟರು. ಒಬ್ಬರು ಪಂಚಾಯತಿನ ಕುಟುಂಬ ಆರೋಗ್ಯ ಕೇಂದ್ರದವರು. ಅಲ್ಲಿ ಮದ್ದು ಫ್ರೀ. ಇನ್ನೊಬ್ಬರು ಮಂಗಳೂರಿನವರು. ವರ್ಷಕ್ಕೆ ಒಂದೆರಡು ಸಲ ಗಡಿ ದಾಟಿ ಹೋಗಿ ಅವರಿಗೆ ತೋರಿಸದಿದ್ದರೆ ಮನೆಯವರಿಗೆ ಸಮಾಧಾನ ಇಲ್ಲ. ಆದರೆ ಒಬ್ಬರ ಚೀಟಿಯನ್ನು ಇನ್ನೊಬ್ಬರಿಗೆ ತೋರಿಸುವ ಕ್ರಮ ಇಲ್ಲ. ಯಾಕೆ ಅಂತ ಕೇಳಿದರೆ, 'ಅವರಿಗೆ ಬೇಜಾರಾದರೆ?' ಅನ್ನುತ್ತಾರೆ.

ಇದು ಮೊದಲಿನಿಂದಲೂ ಇದ್ದದ್ದೇ. 2020ರ ಮಾರ್ಚ್‌ನಲ್ಲಿ ಕರ್ನಾಟಕ ಗಡಿ ಮುಚ್ಚಿ, ಕೆಲವು ರಸ್ತೆಗಳಿಗೆ ಮಣ್ಣು ಸುರಿದ ಮೇಲೆ ಇನ್ನೂ ಜಾಸ್ತಿಯಾಯಿತು. ಮಂಗಳೂರಿನ ಮದ್ದು ತರಲಾಗದೆ ಜನ ಊರಿನ ಸರಕಾರಿ ಆಸ್ಪತ್ರೆಯ ಬಾಗಿಲಿಗೆ ಹೋದರು. ಗಡಿ ತೆರೆಯಿತು, ಮಂಗಳೂರು ಪುನಃ ಶುರುವಾಯಿತು. ಊರಿನ ಫ್ರೀ ಮಾತ್ರೆ ಮಾತ್ರ ನಿಲ್ಲಲಿಲ್ಲ. ಮೆಡಿಕಲ್‌ನ ಕೌಂಟರಿನ ಹಿಂದೆ ನಿಂತು ನಾನು ಇದನ್ನು ದಿನಾ ನೋಡುತ್ತಿದ್ದೆ. ಆಮೇಲೆ ಎಂ.ಫಾರ್ಮ್ ಓದಲು ಹೋದಾಗ ಪ್ರಾಜೆಕ್ಟಿಗೆ ಇದನ್ನೇ ಎತ್ತಿಕೊಂಡೆ.

ಪ್ರಶ್ನೆಗಳು ಮೂರು. ನಿಜವಾಗಿ ಯಾವ ಮದ್ದು ಹೊಟ್ಟೆಗೆ ಹೋಗುತ್ತದೆ? ಅದರಿಂದ ಪ್ರೆಶರ್, ಶುಗರ್ ಹತೋಟಿಗೆ ಬಂದಿದೆಯಾ? ಇದಕ್ಕೆಲ್ಲ ಮನೆಯಿಂದ ಎಷ್ಟು ದುಡ್ಡು ಹೋಗುತ್ತದೆ? ಇಂಥ ಪ್ರಾಜೆಕ್ಟುಗಳನ್ನು ಹೆಚ್ಚಿನವರು ಆಸ್ಪತ್ರೆಯ ಫೈಲು ಹಿಡಿದುಕೊಂಡೇ ಮಾಡುತ್ತಾರೆ. ಅದು ಸುಲಭ, ಬೇಗ ಮುಗಿಯುತ್ತದೆ. ಆದರೆ ಫೈಲಿನಲ್ಲಿ ಇರುವುದು ಡಾಕ್ಟರು ಬರೆದದ್ದು ಮಾತ್ರ, ರೋಗಿ ನುಂಗಿದ್ದು ಅಲ್ಲ. ಅದೂ ನಮ್ಮಲ್ಲಿ ಒಬ್ಬರದ್ದೇ ಎರಡು ಫೈಲು, ಎರಡು ರಾಜ್ಯದಲ್ಲಿ. ಹಾಗಾಗಿ ಮನೆಗೇ ಹೋಗುವುದೆಂದು ನಿರ್ಧಾರ ಮಾಡಿದೆ.

ಎಥಿಕ್ಸ್ ಕಮಿಟಿಯ ಒಪ್ಪಿಗೆ, ಕನ್ನಡ ಮತ್ತು ಮಲಯಾಳದಲ್ಲಿ ಒಪ್ಪಿಗೆ ಪತ್ರ, ಪಂಚಾಯತಿಗೆ ಒಂದು ಕಾಗದ. ಇದೆಲ್ಲ ಎಲ್ಲ ಕಡೆ ಇರುವಂಥದ್ದೇ. ಇಲ್ಲಿ ನಿಜವಾದ ಒಪ್ಪಿಗೆ ಸಿಗುವುದು ಆಶಾ ಕಾರ್ಯಕರ್ತೆಯಿಂದ. ಅವರು ಅಂಗಳದಲ್ಲಿ ನಿಂತು 'ಇವರು ನಮ್ಮವರೇ, ಮಾರಲಿಕ್ಕೆ ಬಂದದ್ದಲ್ಲ' ಅಂದರೆ ಮಾತ್ರ ಜಗಲಿಯಲ್ಲಿ ಚಾಪೆ ಹಾಸುತ್ತಾರೆ.

ಕೂತ ಮೇಲೆ ನಾನು ಪ್ರಶ್ನಾವಳಿ ತೆಗೆಯುತ್ತಿರಲಿಲ್ಲ. 'ಮನೆಯಲ್ಲಿರುವ ಮದ್ದೆಲ್ಲ ತನ್ನಿ' ಅನ್ನುತ್ತಿದ್ದೆ. ಎಲ್ಲ ಅಂದರೆ ಎಲ್ಲ. ಫ್ರಿಜ್ಜಿನಲ್ಲಿರುವ ಇನ್ಸುಲಿನ್, ದೇವರ ಕೋಣೆಯ ಗೂಡಿನಲ್ಲಿಟ್ಟ ಆಯುರ್ವೇದದ ಅರಿಷ್ಟ, ಗಲ್ಫಿನಿಂದ ಮಗ ತಂದುಕೊಟ್ಟ ನೋವಿನ ಮಾತ್ರೆ, ನೆರೆಮನೆಯವರು 'ನನಗೆ ಒಳ್ಳೆದಾಯಿತು' ಅಂತ ಕೊಟ್ಟದ್ದು. ಮೊದಲು ಬರುವುದು ಒಂದು ಪ್ಲಾಸ್ಟಿಕ್ ತೊಟ್ಟೆ. ಸ್ವಲ್ಪ ಹೊತ್ತು ಸುಮ್ನೆ ಕೂತರೆ ಎರಡನೆಯದೂ ಬರುತ್ತದೆ. ನನಗೆ ಬೇಕಾದದ್ದು ಹೆಚ್ಚಾಗಿ ಆ ಎರಡನೆಯದರಲ್ಲೇ ಇರುತ್ತಿತ್ತು.

ತೊಟ್ಟೆ ಸುರಿದ ಮೇಲೆ ಲೆಕ್ಕ. ಇದರ ಸೂತ್ರ ಸರಳ. 20 ದಿನದ ಹಿಂದೆ 30 ಮಾತ್ರೆ ತಂದಿದ್ದರೆ, ದಿನಕ್ಕೊಂದರಂತೆ ಇವತ್ತು 10 ಉಳಿಯಬೇಕು. 18 ಉಳಿದಿದ್ದರೆ 20ರಲ್ಲಿ 12 ಮಾತ್ರ ತೆಗೆದುಕೊಂಡಿದ್ದಾರೆ ಅಂತಾಯಿತು, ಅಂದರೆ ಶೇಕಡಾ 60. ಶೇಕಡಾ 80ಕ್ಕಿಂತ ಮೇಲಿದ್ದರೆ ಸರಿಯಾಗಿ ತೆಗೆದುಕೊಳ್ಳುತ್ತಾರೆ ಅಂತ ಇಂಥ ಅಧ್ಯಯನಗಳಲ್ಲಿ ಸಾಮಾನ್ಯವಾಗಿ ಹಿಡಿಯುತ್ತಾರೆ. ಸೂತ್ರ ಸರಳವಾದರೂ ಜಗಲಿಯಲ್ಲಿ ಅಷ್ಟು ಸರಳ ಅಲ್ಲ. ಕತ್ತರಿಯಲ್ಲಿ ತುಂಡು ಮಾಡಿ ಕೊಟ್ಟ ಸ್ಟ್ರಿಪ್ಪಿನಲ್ಲಿ ಹೆಸರು ಒಂದು ತುಂಡಿಗೆ ಹೋದರೆ ತಾರೀಕು, ಎಂಆರ್‌ಪಿ ಇನ್ನೊಂದು ತುಂಡಿಗೆ. ಕೆಲವರು ಎಲ್ಲವನ್ನೂ ಬಿಡಿಸಿ ಹಾರ್ಲಿಕ್ಸ್ ಬಾಟಲಿಗೆ ಹಾಕಿಟ್ಟಿರುತ್ತಾರೆ. ಬಿಳಿ ಉರುಟು ಮಾತ್ರೆ ಮೂರು ಬಗೆಯದ್ದಿದ್ದರೆ ಯಾವುದು ಯಾವುದೆಂದು ಯಾರೂ ಹೇಳಲಾರರು, ನಾನೂ ಹೇಳಲಾರೆ. ಅಂಥದ್ದನ್ನು 'ಗುರುತಿಲ್ಲ' ಎಂಬ ಕಾಲಮಿಗೆ ಹಾಕಿದೆ. ಅಂದಾಜಿನಲ್ಲಿ ಹೆಸರು ಬರೆದು ಕಾಲಂ ತುಂಬಿಸುವುದಕ್ಕಿಂತ ಅದು ಒಳ್ಳೆಯದು ಅಂತ ಈಗಲೂ ಅನಿಸುತ್ತದೆ.

ಬಾಯಿಮಾತಿನಲ್ಲಿ ಕೇಳುವುದಕ್ಕೂ ಒಂದು ಉಪಾಯ ಬೇಕು. 'ಮಾತ್ರೆ ತಪ್ಪದೆ ತೆಗೆದುಕೊಳ್ಳುತ್ತೀರಾ?' ಅಂದರೆ ಎಲ್ಲರೂ ಹೌದೇ. ಡಾಕ್ಟರಿಗೆ ಹೇಳಿ ಹೇಳಿ ರೂಢಿಯಾದ ಹೌದು ಅದು. 'ಕಳೆದ ವಾರ ಯಾವ ದಿನ ತಪ್ಪಿತು?' ಅಂತ ಕೇಳಬೇಕು. ತಪ್ಪುವುದು ಸಹಜ ಅಂತ ಪ್ರಶ್ನೆಯಲ್ಲೇ ಇದ್ದರೆ ಉತ್ತರ ಸಲೀಸಾಗಿ ಬರುತ್ತದೆ. ಮದುವೆಗೆ ಹೋದ ದಿನ, ಕೋಲಕ್ಕೆ ನಿದ್ದೆಗೆಟ್ಟ ರಾತ್ರಿ, ಏಕಾದಶಿ, ರಂಜಾನ್ ಉಪವಾಸ. ಮತ್ತೆ ಎಲ್ಲರೂ ಹೇಳಿದ ಒಂದು ದಿನ, ಮಂಗಳೂರಿಗೆ ಹೋಗುವ ದಿನ.

ಇದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಮೂತ್ರ ಜಾಸ್ತಿ ಹೋಗುವ ಮಾತ್ರೆ ಇರುವವರು ಬಸ್ಸು ಹತ್ತುವ ದಿನ ಅದನ್ನು ಮುಟ್ಟುವುದಿಲ್ಲ. ಪೆರ್ಲದಲ್ಲಿ ಹತ್ತಿದರೆ ಮಂಗಳೂರಿನ ತನಕ ಹೆಂಗಸರು ಎಲ್ಲಿ ಇಳಿಯುವುದು? ಅದಲ್ಲದೆ ರಕ್ತ ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಬರಲು ಹೇಳಿರುತ್ತಾರೆ. ಖಾಲಿ ಹೊಟ್ಟೆ ಅಂದರೆ ಪ್ರೆಶರಿನ ಮಾತ್ರೆಯೂ ಬೇಡ ಅಂತ ಇವರೇ ತೀರ್ಮಾನ ಮಾಡುತ್ತಾರೆ. ಮಾತ್ರೆ ಇಲ್ಲ, ತಿಂಡಿ ಇಲ್ಲ, ಬಸ್ಸಿನಲ್ಲಿ ಸೀಟಿಲ್ಲ, ಆಸ್ಪತ್ರೆಯಲ್ಲಿ ಕ್ಯೂ. ಆಗ ನೋಡಿದ ಪ್ರೆಶರ್ ಏರದೆ ಇದ್ದೀತಾ? ಏರಿದೆ ಅಂತ ಡೋಸ್ ಜಾಸ್ತಿ ಮಾಡುತ್ತಾರೆ. ಡಾಕ್ಟರಿಗೆ ಕಂಡದ್ದು ಆ ದಿನದ ಅಂಕಿ, ಅವರು ಬೇರೇನು ಮಾಡಿಯಾರು. ಫೈಲು ಹಿಡಿದು ಅಧ್ಯಯನ ಮಾಡಿದವರಿಗೆ ಇದು 'ಮದ್ದು ಕೆಲಸ ಮಾಡಲಿಲ್ಲ' ಅಂತಲೇ ಕಾಣುತ್ತದೆ. ಮದ್ದು ಹೊಟ್ಟೆಗೇ ಹೋಗಿರಲಿಲ್ಲ, ಅಷ್ಟೇ.

ಹಾಗಾಗಿ ಪ್ರೆಶರನ್ನು ನಾನು ಮನೆಯಲ್ಲೇ ನೋಡಿದೆ. ಐದು ನಿಮಿಷ ಕೂರಿಸಿ, ಬೆನ್ನಿಗೆ ಗೋಡೆಯ ಆಸರೆ ಕೊಟ್ಟು, ಮಾತಾಡಿಸದೆ, ಎರಡು ಸಲ ನೋಡಿ ಸರಾಸರಿ. 140/90ಕ್ಕಿಂತ ಕೆಳಗಿದ್ದರೆ ಹತೋಟಿ. ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೆ ಅಂಕಿ ಸುಮ್ಮನೆ ಮೇಲೆ ಹೋಗುತ್ತದೆ, ಆದ್ದರಿಂದ ದೊಡ್ಡ ಪಟ್ಟಿಯೂ ಚೀಲದಲ್ಲಿತ್ತು. ಮಾತಾಡಿಸದೆ ಕೂರಿಸುವುದೇ ಎಲ್ಲಕ್ಕಿಂತ ಕಷ್ಟ, ಅತಿಥಿ ಬಂದಾಗ ಅಜ್ಜಿಯಂದಿರು ಬಾಯಿ ಮುಚ್ಚಿ ಕೂರುವುದುಂಟಾ! ಶುಗರಿಗೆ ಎಚ್‌ಬಿಎ1ಸಿ ಎಂಬ ರಕ್ತ ಪರೀಕ್ಷೆ ನೋಡಿದರೆ ಹಿಂದಿನ ಎರಡು ಮೂರು ತಿಂಗಳ ಅಂದಾಜು ಸಿಗುತ್ತದೆ. ಇತ್ತೀಚಿನ ರಿಪೋರ್ಟ್ ಇದ್ದವರದ್ದು ಮಾತ್ರ ಬರೆದುಕೊಂಡೆ.

ಇನ್ನು ನನಗೆ ಇಡೀ ಅಧ್ಯಯನದಲ್ಲಿ ಮುಖ್ಯ ಅನಿಸಿದ ತೊಟ್ಟೆ. ಎಣ್ಮಕಜೆ ಪಂಚಾಯತಿನ ಒಬ್ಬರು ಅಜ್ಜಿ. ಎರಡೂ ಪಾದ ಬಾತು ಚಪ್ಪಲಿಯ ಬಾರು ಅಚ್ಚು ಬಿದ್ದಿತ್ತು. ಕಿಡ್ನಿಯದ್ದಿರಬೇಕು ಅಂತ ಮಂಗಳೂರಿನಲ್ಲಿ ಪರೀಕ್ಷೆ ಮಾಡಿಸಿ ಆಗಿತ್ತು, ಕಿಡ್ನಿ ಸರಿ ಇತ್ತು. ನೀರು ಹೋಗಲು ಫ್ರುಸೆಮೈಡ್ ಬರೆದಿದ್ದರು. ಬಾವು ಇಳಿದಿರಲಿಲ್ಲ. ತೊಟ್ಟೆ ಸುರಿದಾಗ ಊರಿನ ಕೇಂದ್ರದ ಪ್ರೆಶರಿನ ಮಾತ್ರೆ ಆಮ್ಲೋಡಿಪಿನ್ 5 ಮಿಲಿಗ್ರಾಂ ಕಂಡಿತು. ಪಕ್ಕದಲ್ಲಿ ಮಂಗಳೂರಿನ ಒಂದು ಜೋಡಿ ಮಾತ್ರೆ, ಅಂದರೆ ಎರಡು ಮದ್ದು ಸೇರಿದ ಒಂದೇ ಮಾತ್ರೆ. ಮುಂದೆ ದೊಡ್ಡ ಅಕ್ಷರದಲ್ಲಿ ಕಂಪೆನಿಯ ಹೆಸರು. ಹಿಂದೆ ಮಡಿಸಿ ಕನ್ನಡಕದ ಹತ್ತಿರ ಹಿಡಿದರೆ ಸಣ್ಣ ಅಕ್ಷರದಲ್ಲಿ ಟೆಲ್ಮಿಸಾರ್ಟನ್ 40, ಆಮ್ಲೋಡಿಪಿನ್ 5. ಅಜ್ಜಿ ಎರಡನ್ನೂ ಒಂದು ದಿನವೂ ತಪ್ಪದೆ ತೆಗೆದುಕೊಳ್ಳುತ್ತಿದ್ದರು. ಲೆಕ್ಕದಲ್ಲಿ ಅವರದ್ದು ನೂರಕ್ಕೆ ನೂರು!

ಆಮ್ಲೋಡಿಪಿನ್‌ನಿಂದ ಕಾಲು ಬಾಯುವುದು ಗೊತ್ತಿರುವ ಅಡ್ಡ ಪರಿಣಾಮ. ಡೋಸ್ ಏರಿದಷ್ಟು ಜಾಸ್ತಿ, ಹೆಂಗಸರಲ್ಲಿ ಇನ್ನೂ ಜಾಸ್ತಿ. ಅದು ಸಣ್ಣ ಅಪಧಮನಿಗಳನ್ನು ಸಡಿಲ ಮಾಡುತ್ತದೆ, ಅಭಿಧಮನಿಗಳನ್ನು ಅಷ್ಟು ಮಾಡುವುದಿಲ್ಲ. ಒತ್ತಡಕ್ಕೆ ನೀರು ಹೊರಗೆ ಜಿನುಗಿ ಪಾದದಲ್ಲಿ ನಿಲ್ಲುತ್ತದೆ. ಮೈಯಲ್ಲಿ ನೀರು ಹೆಚ್ಚಾದ್ದರಿಂದ ಬಂದ ಬಾವಲ್ಲ ಇದು. ಅದಕ್ಕೇ ಮೂತ್ರದ ಮಾತ್ರೆಗೆ ಅಷ್ಟಾಗಿ ಬಗ್ಗುವುದಿಲ್ಲ. ಒಂದು ಮದ್ದಿನ ಅಡ್ಡ ಪರಿಣಾಮವನ್ನು ಹೊಸ ಕಾಯಿಲೆ ಅಂತ ತಿಳಿದು ಇನ್ನೊಂದು ಮದ್ದು ಬರೆಯುವುದಕ್ಕೆ ಫಾರ್ಮಸಿಯಲ್ಲಿ ಪ್ರಿಸ್ಕ್ರೈಬಿಂಗ್ ಕ್ಯಾಸ್ಕೇಡ್ ಅನ್ನುತ್ತೇವೆ. ಪಾಠದಲ್ಲಿ ಓದಿದ ಅದೇ ಉದಾಹರಣೆ ಜಗಲಿಯಲ್ಲಿ ಕಾಲು ಚಾಚಿ ಕೂತಿತ್ತು. ಮದ್ದು ನಿಲ್ಲಿಸಿ ಅನ್ನುವ ಅಧಿಕಾರ ನನಗಿಲ್ಲ. ಎರಡೂ ಚೀಟಿಯ ಮದ್ದುಗಳನ್ನು ಒಂದೇ ಹಾಳೆಯಲ್ಲಿ ಬರೆದು, ಎರಡು ಆಮ್ಲೋಡಿಪಿನ್‌ಗೆ ಗೆರೆ ಹಾಕಿ, ಕೇಂದ್ರದ ಡಾಕ್ಟರಿಗೆ ತೋರಿಸಲು ಹೇಳಿದೆ. ಅವರು ಬಿಡಿಯಾಗಿದ್ದದ್ದನ್ನು ನಿಲ್ಲಿಸಿದರು, ಕೆಲವು ವಾರ ನೋಡಿ ಫ್ರುಸೆಮೈಡನ್ನೂ ನಿಲ್ಲಿಸಿದರು. ಬಾವು ಇಳಿಯಿತು.

ಈಗ ಖರ್ಚಿನ ಕಡೆ ಬನ್ನಿ. ಆ ಬಿಡಿ ಆಮ್ಲೋಡಿಪಿನ್ ಫ್ರೀ. ಮದ್ದಿನ ಖರ್ಚಿನ ಕಾಲಮಿನಲ್ಲಿ ಸೊನ್ನೆ. ಆದರೆ ಅದರ ಬಾಲ ಹಿಡಿದು ಹೋದರೆ ಕಿಡ್ನಿ ಪರೀಕ್ಷೆ, ಸ್ಕ್ಯಾನಿಂಗ್, ಡಾಕ್ಟರ ಫೀಸು, ಫ್ರುಸೆಮೈಡ್, ಬಸ್ಸು, ಹೋಟೆಲಿನ ಊಟ, ಜೊತೆಗೆ ಹೋದ ಸೊಸೆ ಕಟ್ಟದೆ ಉಳಿದ ಬೀಡಿ. ಪಂಚಾಯತಿನ ಜನರ ಹತ್ತಿರ ಮಾತಾಡುವಾಗ ಎಲ್ಲರೂ ಮಾತ್ರೆಯ ರೇಟಿನ ಬಗ್ಗೆಯೇ ದೂರುತ್ತಾರೆ. ನನ್ನ ಹಾಳೆಗಳಲ್ಲಿ ಮನೆ ಮನೆಯಲ್ಲೂ ಕಂಡದ್ದು ಬೇರೆ. ಮಾತ್ರೆಗಿಂತ ಅದನ್ನು ಬರೆಸಿಕೊಳ್ಳಲು ಹೋಗಿ ಬರುವ ಖರ್ಚೇ ಭಾರ.

ಮಾತ್ರೆಯ ರೇಟೂ ಸಣ್ಣ ವಿಷಯ ಅಲ್ಲ. ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿರುವ ಮದ್ದಿಗೆ 2013ರ ಬೆಲೆ ನಿಯಂತ್ರಣ ಆದೇಶದಂತೆ ಗರಿಷ್ಠ ದರ ನಿಗದಿಯಾಗಿದೆ. ಶೇಕಡಾ 1 ಅಥವಾ ಅದಕ್ಕಿಂತ ಹೆಚ್ಚು ಮಾರುಕಟ್ಟೆ ಇರುವ ಬ್ರ್ಯಾಂಡುಗಳ ಸರಾಸರಿ ಬೆಲೆ, ಅದರ ಮೇಲೆ ಅಂಗಡಿಯವರಿಗೆ ಶೇಕಡಾ 16. ಬಿಡಿ ಆಮ್ಲೋಡಿಪಿನ್, ಬಿಡಿ ಟೆಲ್ಮಿಸಾರ್ಟನ್ ಪಟ್ಟಿಯಲ್ಲಿವೆ. ಪ್ರೆಶರಿನ ಜೋಡಿ ಮಾತ್ರೆಗಳಲ್ಲಿ ಹೆಚ್ಚಿನವು ಇಲ್ಲ. ಪಟ್ಟಿಯಲ್ಲಿಲ್ಲದ್ದರ ಎಂಆರ್‌ಪಿಯನ್ನು ವರ್ಷಕ್ಕೆ ಶೇಕಡಾ 10ರ ತನಕ ಏರಿಸಬಹುದು. ಜನೌಷಧಿಯಲ್ಲಿ ಅದೇ ಮದ್ದು ಅರ್ಧಕ್ಕಿಂತ ಕಡಿಮೆಗೆ ಸಿಗುತ್ತದೆ, ಆದರೂ 'ಮಂಗಳೂರಿನ ಡಾಕ್ಟ್ರು ಬರೆದ ಅದೇ ಕಂಪೆನಿ ಬೇಕು' ಅನ್ನುವವರೇ ಜಾಸ್ತಿ. ಕೌಂಟರಿನಲ್ಲಿ ನಾನು ಎಷ್ಟೋ ಸಲ ಸೋತಿದ್ದೇನೆ.

ಇಂಥ ಲೆಕ್ಕಕ್ಕೆ ಕೈ ಹಾಕುವವರಿಗೆ ಒಂದೆರಡು ಮಾತು. ಹೊರರೋಗಿ ಖರ್ಚನ್ನು ಹಿಂದಿನ 15 ದಿನದ್ದು, ಆಸ್ಪತ್ರೆಯಲ್ಲಿ ಮಲಗಿದ್ದರ ಖರ್ಚನ್ನು 365 ದಿನದ್ದು ಕೇಳಿ. ರಾಷ್ಟ್ರೀಯ ಮಾದರಿ ಸಮೀಕ್ಷೆಯ ಕ್ರಮ ಅದು. ಅದಕ್ಕಿಂತ ಹಿಂದಿನ ಬಸ್ ಚಾರ್ಜು ಯಾರಿಗೂ ನೆನಪಿರುವುದಿಲ್ಲ. ಆದಾಯ ಕೇಳಬೇಡಿ, ಖರ್ಚು ಕೇಳಿ. ಅಡಿಕೆ ಮನೆಯಲ್ಲಿ ದುಡ್ಡು ಬರುವುದು ಅಡಿಕೆ ಕೊಟ್ಟಾಗ, ತಿಂಗಳ ಸಂಬಳ ಅಂತ ಇಲ್ಲ. ತಿಂಗಳ ಆದಾಯ ಕೇಳಿದರೆ ಬಾಯಿಗೆ ಬಂದ ಅಂಕಿ ಹೇಳುತ್ತಾರೆ. ಜಿನಸು, ಕರೆಂಟು, ಶಾಲೆಯ ಫೀಸು ಅಂತ ಒಂದೊಂದೇ ಕೇಳಿದರೆ ಸರಿಯಾದ ಉತ್ತರ ಸಿಗುತ್ತದೆ. ಆರೋಗ್ಯದ ಖರ್ಚು ಮನೆಯ ಒಟ್ಟು ಖರ್ಚಿನ ಶೇಕಡಾ 10 ದಾಟಿದರೆ ಅದನ್ನು ಮಿತಿಮೀರಿದ ಹೊರೆ ಅಂತ ಎಣಿಸುವ ಪದ್ಧತಿ ಇದೆ, ನಾನೂ ಅದನ್ನೇ ಹಿಡಿದೆ. ಮನೆವಾರ್ತೆ ನೋಡುವ ಹೆಂಗಸಿನ ಒಂದು ದಿನಕ್ಕೆ ಬೆಲೆ ಕಟ್ಟುವುದು ಹೇಗೆ? ಉದ್ಯೋಗ ಖಾತ್ರಿಯ ದಿನಗೂಲಿ ಹಾಕಿದೆ. ಕೆಲವರು ಇದಕ್ಕೆ ಸೊನ್ನೆ ಹಾಕುತ್ತಾರೆ. ಅದು ಅನ್ಯಾಯ ಅಂತ ನನ್ನ ಅಭಿಪ್ರಾಯ.

ನನಗೆ ಕೊನೆಯ ತನಕ ತಲೆ ತಿಂದದ್ದು ಮಂಗಳೂರಿನ ಬಸ್ ಚಾರ್ಜು. ಕಾಲು ಸರಿಯಾದ ಮೇಲೆ ಅದೇ ಅಜ್ಜಿಯ ಹತ್ತಿರ, 'ಇನ್ನು ಊರಿನ ಡಾಕ್ಟ್ರು ಸಾಕಲ್ವಾ?' ಅಂತ ಕೇಳಿದ್ದೆ.

'ಅದು ಹೇಗೆ ಆಗ್ತದೆ ಮಗಾ, ಮಗಳನ್ನು ಕೊಟ್ಟದ್ದು ಅಲ್ಲಿಗೆ. ಡಾಕ್ಟ್ರ ಹೆಸರಲ್ಲಿ ಒಂದು ರಾತ್ರಿ ಅಲ್ಲಿ ನಿಂತು ಬರುವುದು' ಅಂದರು.

ಹಾಗಾದರೆ ಆ ಚಾರ್ಜನ್ನು ಚಿಕಿತ್ಸೆಯ ಖರ್ಚು ಅನ್ನುವುದಾ, ನೆಂಟರ ಮನೆಯ ಖರ್ಚು ಅನ್ನುವುದಾ? ಒಂದೇ ಓಡಾಟದಲ್ಲಿ ಎರಡು ಕೆಲಸ ಆದರೆ ಖರ್ಚನ್ನು ಹಂಚಬೇಕು ಅಂತ ನಿಯಮ. ಅರ್ಧ ಅರ್ಧ ಮಾಡಿದೆ. ವೈವಾದಲ್ಲಿ ಪರೀಕ್ಷಕರು ಬೇರೆ ಎಲ್ಲ ಬಿಟ್ಟು ಅದನ್ನೇ ಹಿಡಿದರು, ಅರ್ಧ ಯಾಕೆ, ಮುಕ್ಕಾಲು ಯಾಕಲ್ಲ ಅಂತ. ಅಜ್ಜಿಯನ್ನೇ ಕೇಳಿದ್ದರೆ ಚಾರ್ಜೆಲ್ಲ ಮಗಳ ಮನೆಯ ಲೆಕ್ಕಕ್ಕೇ ಹಾಕಿಸುತ್ತಿದ್ದರು ಅಂದೆ. ಬರೆದುಕೊಂಡು ಮುಂದಿನ ಪ್ರಶ್ನೆಗೆ ಹೋದರು.