ಹಿಂಬದಿ ಕೊಯ್ಯದೆ ಟ್ರಾನ್ಸಮ್ ಬದಲಿಸಿದ್ದು: 17 ಅಡಿಯ ಹಳೇ ಫೈಬರ್ ದೋಣಿ

ಗಂಗೊಳ್ಳಿ ಅಳಿವೆಯ ದಡದಲ್ಲಿ ಮಗುಚಿ ಹಾಕಿದ್ದ 17 ಅಡಿಯ ದೋಣಿ. ಟ್ರಾನ್ಸಮ್ ಅಂದರೆ ಎಂಜಿನ್ ಹೊರುವ ಹಿಂಬದಿಯ ಗೋಡೆ; ಅದರ ಒಳಗಿನ ಪ್ಲೈವುಡ್ ಕೊಳೆತು, ಎಂಜಿನ್ ಕೂರಿಸಿದರೆ ಹಿಂದಕ್ಕೆ ಬಾಗುತ್ತಿತ್ತು. ದೋಣಿಯ ತಳದಲ್ಲಿ ನೂರೈವತ್ತರ ಹತ್ತಿರ ಗುಳ್ಳೆ. ನೋಡಿದವರೆಲ್ಲ ಹೇಳಿದ್ದು ಒಂದೇ ಮಾತು: "ಅದ್ರಗೆ ಎಂತ ಇತ್ತ್ ಮಾರಾಯ್ರೆ, ಗುಜರಿಗೆ ಹಾಕಿ." ಫೈಬರ್ ಕೆಲಸದವರ ಸಲಹೆ ಇನ್ನೊಂದು: ಹಿಂಬದಿಯನ್ನು ಪೂರ್ತಿ ಕೊಯ್ದು ಹೊಸದು ಕೂರಿಸಿ. ನಾನು ಹೊರಗಿನ ಪದರ ಮುಟ್ಟದೆ ಒಳಗಿನಿಂದಲೇ ಮಾಡಿದೆ. ಎರಡು ಮಳೆಗಾಲ ಕಳೆದಿದೆ, ಹಲಗೆ ಕೂದಲೆಳೆಯಷ್ಟೂ ಅಲುಗಿಲ್ಲ. ಹಾಗಾಗಿ ಈಗ ಬರೆಯುವ ಧೈರ್ಯ.

ಇಡೀ ಕೆಲಸದಲ್ಲಿ ಅಂಟಿಸುವುದು ಕಾಲು ಭಾಗ, ಒಣಗಿಸುವುದು ಮುಕ್ಕಾಲು. "ಫೈಬರ್ ನೀರು ಕುಡಿಯುವುದಿಲ್ಲ" ಎನ್ನುವವರು ಒಂದು ಗುಳ್ಳೆ ಒಡೆದು ಮೂಸಿ ನೋಡಲಿ, ವಿನಿಗರ್ ವಾಸನೆಯ ಹುಳಿನೀರು ಬರುತ್ತದೆ. ಉಪ್ಪುನೀರಿಗಿಂತ ಸಿಹಿನೀರು ಜೆಲ್ ಕೋಟ್ (ಫೈಬರ್ ಮೇಲಿನ ನುಣುಪು ಹೊರಲೇಪ) ದಾಟಿ ಹೆಚ್ಚು ಒಳಹೊಗುತ್ತದೆ. ಮಳೆಗಾಲದಲ್ಲಿ ಪಂಚಗಂಗಾವಳಿ ಹೊಳೆಯ ನೀರು ಬಹುಪಾಲು ಸಪ್ಪೆ. ಆ ನಾಲ್ಕು ತಿಂಗಳು ನೀರಲ್ಲೇ ಕಟ್ಟಿಟ್ಟ ದೋಣಿಗೆ ಗುಳ್ಳೆ ಬರದೆ ಇನ್ನೇನು?

ಡಿಸೆಂಬರ್ ಶುರುವಿಗೆ ದೋಣಿ ಮಗುಚಿ, ಗ್ರೈಂಡರಿಗೆ ಹಾಕುವ ಒರಟು ಉಜ್ಜುಬಿಲ್ಲೆ, 40 ಗ್ರಿಟ್ ಫ್ಲಾಪ್ ಡಿಸ್ಕಿನಲ್ಲಿ ಗುಳ್ಳೆಗಳನ್ನೆಲ್ಲ ಬಸಿಯಂತೆ ಅಗಲ ಮಾಡಿ ತೆರೆದೆ. ಬಾವಿನೀರು ಹಾಕಿ ಬ್ರಶ್ಶಿನಲ್ಲಿ ತಿಕ್ಕಿ ತೊಳೆದದ್ದು ನಾಲ್ಕು ಸಲ, ವಾರಕ್ಕೊಂದರಂತೆ. ಉಪ್ಪೂ ಹುಳಿಯೂ ಒಳಗೆ ಉಳಿದರೆ ಗಾಳಿಯ ತೇವವನ್ನೇ ಎಳೆದುಕೊಳ್ಳುತ್ತವೆ, ಎಷ್ಟು ಬಿಸಿಲು ಕಾಯಿಸಿದರೂ ಪ್ರಯೋಜನವಿಲ್ಲ. ಆಮೇಲೆ ಚಪ್ಪರದಡಿ ಎರಡು ಫ್ಯಾನ್. ಒಣಗಿದೆಯೇ ಎಂದು ತಿಳಿಯಲು, ಒಂದಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ ದೋಣಿಯ ತಳಕ್ಕೆ ಅಂಟಿಸಿ, ಮರುದಿನ ಮಧ್ಯಾಹ್ನ ನೋಡುವುದು. ಒಳಗೆ ಹನಿ ಕಂಡರೆ ಇನ್ನೊಂದು ವಾರ. ನನಗೆ ಹನಿ ನಿಂತದ್ದು ಏಳೋ ಎಂಟೋ ವಾರಕ್ಕೆ.

ನಡುವೆ ಅವಸರ ಮಾಡಿ 500 ವಾಟಿನ ಹ್ಯಾಲೊಜೆನ್ ಲೈಟ್ ಹತ್ತಿರ ಇಟ್ಟೆ. ಎರಡು ಗಂಟೆಯಲ್ಲಿ ಆ ಜಾಗದ ಫೈಬರ್ ಪದರ ಮೆತ್ತಗಾಗಿ ಒಳಕ್ಕೆ ತಗ್ಗಿತು. ಆ ತಗ್ಗು ತುಂಬಿಸಲಿಕ್ಕೇ ಎರಡು ಕೆಜಿ ರೆಸಿನ್ (ಫೈಬರ್ ಎಳೆಗಳನ್ನು ಹಿಡಿದಿಡುವ ಪಾಲಿಯೆಸ್ಟರ್ ದ್ರವ) ಹೋಯಿತು.

ಗುಳ್ಳೆಯ ಹೊಂಡಗಳಿಗೆ ಮೊದಲು ಕಾರಿನ ಡೆಂಟ್ ತುಂಬುವ ಪುಟ್ಟಿ ಹಾಕಿದ್ದು ನನ್ನದೇ ದಡ್ಡತನ. ಪರೀಕ್ಷೆಗೆಂದು ಅದೇ ಪುಟ್ಟಿ ಹಾಕಿ ಬಕೆಟ್ ನೀರಿನಲ್ಲಿ ಮುಳುಗಿಸಿಟ್ಟ ತುಂಡಿನ ಮೇಲೆ ಹತ್ತೇ ದಿನಕ್ಕೆ ಅಂಚು ಎದ್ದಿತು, ಹಾಕಿದ್ದನ್ನೆಲ್ಲ ಕೆತ್ತಿ ತೆಗೆದೆ. ನೀರಿನ ಮಟ್ಟದ ಕೆಳಗೆ ಐಸೋ ರೆಸಿನ್ನಿಗೆ (ನೀರು ಚೆನ್ನಾಗಿ ತಡೆಯುವ ಪಾಲಿಯೆಸ್ಟರ್) ಏರೋಸಿಲ್ ಎಂಬ ಮಂದ ಮಾಡುವ ಸಿಲಿಕಾ ಪುಡಿ ಮತ್ತು ಕತ್ತರಿಸಿದ ಮ್ಯಾಟಿನ (ಗಾಜಿನೆಳೆಯ ಹಾಸು) ಎಳೆ ಕಲಸಿದ ಪುಟ್ಟಿಯೇ ಸರಿ. ಅದರ ಮೇಲೆ ಚದರ ಮೀಟರಿಗೆ 300 ಗ್ರಾಮಿನ ಮ್ಯಾಟ್ ಎರಡು ಪದರ, ಕೊನೆಗೆ ಜೆಲ್ ಕೋಟ್ ಎರಡು ಕೈ. ಎರಡನೇ ಕೈಗೆ ಮೇಣದ ದ್ರಾವಣ ಸೇರಿಸದಿದ್ದರೆ ಮೇಲ್ಮೈ ತಿಂಗಳಾದರೂ ಅಂಟಂಟು.

ಇನ್ನು ಟ್ರಾನ್ಸಮ್. ಒಳಗಿನ ಫೈಬರ್ ಪದರವನ್ನು ಸುತ್ತಲೂ ಎರಡಿಂಚು ಅಂಚು ಬಿಟ್ಟು ಗ್ರೈಂಡರಿನಲ್ಲಿ ಕೊಯ್ದೆ. ಕೊಯ್ಯುವ ಮೊದಲೇ ಹೊರಬದಿಗೆ ಮೂರು ರೀಪು ಬಿಗಿದು ನಿಲ್ಲಿಸಬೇಕು, ಇಲ್ಲದಿದ್ದರೆ ತಿರುಳು ತೆಗೆದ ಕೂಡಲೇ ಐದು ಮಿಲಿಮೀಟರಿನ ಹೊರಪದರ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಕೊಳೆತ ಪ್ಲೈ ಕೈಯಲ್ಲೇ ಬಂತು, ಅಂಚಿನಲ್ಲಿ ಗಟ್ಟಿ ಉಳಿದಿದ್ದಕ್ಕೆ ಮಾತ್ರ ಉಳಿ ಬೇಕಾಯಿತು.

ಹೊಸದಕ್ಕೆ ಐಎಸ್ 710 (ಭಾರತೀಯ ಮಾನಕದ ಗುರುತು) ಮೆರೈನ್ ಪ್ಲೈ, 18 ಮಿಲಿಮೀಟರಿನ ಎರಡು ಹಲಗೆ. ಒಂದೇ ದಪ್ಪ ಹಲಗೆ ಆ ಅಂಚು ದಾಟಿ ಒಳಗೆ ಹೋಗುವುದಿಲ್ಲ. ಮೊದಲ ಸಲ ಬರೀ ಪುಟ್ಟಿ ಬಳಿದು ಒತ್ತಿ ಕೂರಿಸಿದೆ. ಮರುದಿನ ಸುತ್ತಿಗೆಯ ಹಿಡಿಯಲ್ಲಿ ತಟ್ಟಿದರೆ ಅರ್ಧಕ್ಕರ್ಧ ಡಬ್ ಡಬ್ ಎಂಬ ಟೊಳ್ಳು ಸದ್ದು. ಕಿತ್ತೆಸೆದೆ, ನಾಲ್ಕು ಸಾವಿರದ ಶೀಟು ನೀರುಪಾಲು. ಎರಡನೇ ಸಲ ಮಾಡಿದ್ದು ಹೀಗೆ: ಹಲಗೆಯ ತುಂಬ ಐದೈದು ಇಂಚಿಗೆ 6 ಮಿಲಿಮೀಟರಿನ ತೂತು. ಹಲಗೆಯ ಎಲ್ಲ ಮುಖಕ್ಕೂ, ಮುಖ್ಯವಾಗಿ ಅಂಚಿಗೆ, ಸ್ವಲ್ಪ ಸ್ಟೈರೀನ್ ಸೇರಿಸಿ ತೆಳು ಮಾಡಿದ ರೆಸಿನ್. ಹೊರಪದರದ ಮೇಲೆ ರೆಸಿನ್ನಿನಲ್ಲಿ ತೋಯಿಸಿದ 450ರ ಮ್ಯಾಟ್, ಅದರ ಮೇಲೆ ಹಲ್ಲಿನ ಕರಣೆಯಲ್ಲಿ ಎಳೆದ ಪುಟ್ಟಿ, ಆಮೇಲೆ ಹಲಗೆ. ತೂತುಗಳಿಂದ ಪುಟ್ಟಿ ಹುಳದ ಹಾಗೆ ಹೊರಬಂದರೆ ಗಾಳಿ ಉಳಿದಿಲ್ಲ ಅಂತ ಅರ್ಥ. ಎರಡನೇ ಹಲಗೆಗೂ ಇದೇ ಕ್ರಮ. ಟ್ರಾನ್ಸಮ್ಮಿನ ಬಾಗು ಕೆಡದಂತೆ ಒತ್ತಡ ಕೊಡಲು ನಾನು ಬಳಸಿದ ಉಪಾಯವೊಂದಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಕ್ಲಾಂಪ್ ಅಲ್ಲ ಎಂದಷ್ಟೇ ಹೇಳುತ್ತೇನೆ.

ಮೂಲೆಗಳಿಗೆ ಒಂದಿಂಚಿನ ಗುಂಡು ಪುಟ್ಟಿ, ಏಕೆಂದರೆ ಮ್ಯಾಟ್ ಚೂಪು ಮೂಲೆಗೆ ಬಾಗದೆ ಹಿಂದೆ ಗಾಳಿ ಬಿಡುತ್ತದೆ. ಮೇಲೆ 450 ಮ್ಯಾಟ್, 610 ರೋವಿಂಗ್ (ನೇಯ್ದ ಗಾಜಿನೆಳೆಯ ಬಟ್ಟೆ), ಮತ್ತೆ ಮ್ಯಾಟ್, ರೋವಿಂಗ್, ಮ್ಯಾಟ್. ಬದಿಗಳ ಮೇಲೆ ಮೊದಲ ಪದರ ನಾಲ್ಕಿಂಚು ಹತ್ತಿದರೆ ಮುಂದಿನದು ಐದೂವರೆ, ಕೊನೆಯದು ಹತ್ತು. ಎಲ್ಲ ಒಂದೇ ಗೆರೆಗೆ ನಿಂತರೆ ಬಿರುಕು ಬರುವುದು ಆ ಗೆರೆಯಲ್ಲೇ. ಮೂರು ಪದರ ಒಂದು ದಿನ, ಉಳಿದದ್ದು ಮರುದಿನ.

ಹಾರ್ಡ್‌ನರ್ ವಿಷಯದಲ್ಲಿ ಕೈ ಸುಟ್ಟುಕೊಂಡದ್ದು ನಿಜವಾಗಿಯೇ. ಅಂಗಡಿಯವರು ರೆಸಿನ್ ಬೇಗ ಗಟ್ಟಿಯಾಗಲು ಹಾಕುವ ಕೋಬಾಲ್ಟ್ ದ್ರಾವಣ ಮೊದಲೇ ಸೇರಿಸಿ ಕೊಟ್ಟಿದ್ದ ರೆಸಿನ್ನಿಗೆ ನಾನು ಇನ್ನೊಮ್ಮೆ ಸೇರಿಸಿದೆ. ಆರೇಳು ನಿಮಿಷಕ್ಕೆ ಮೂರು ಕೆಜಿ ಬಕೆಟ್ ಹೊಗೆಯಾಡಿ, ತಳ ಕರಗಿ ನೆಲಕ್ಕಂಟಿತು. ಈಗ ಖರೀದಿಸುವಾಗಲೇ ಕೇಳುತ್ತೇನೆ, ಮನೆಗೆ ಬಂದು ನೂರು ಗ್ರಾಮಿನ ಲೋಟದಲ್ಲಿ ಪರೀಕ್ಷಿಸುತ್ತೇನೆ. ಕೆಜಿಗೆ 10 ಮಿಲಿ ಹಾರ್ಡ್‌ನರ್, ಬೆಳಿಗ್ಗೆ ಆರೂವರೆಗೆ ಶುರು, ಒಂಬತ್ತರೊಳಗೆ ಮುಗಿಸುವುದು. ಒಮ್ಮೆಗೆ ಒಂದು ಕೆಜಿಗಿಂತ ಹೆಚ್ಚು ಕಲಸುವುದಿಲ್ಲ. ಕೋಬಾಲ್ಟ್ ಮತ್ತು ಹಾರ್ಡ್‌ನರ್ ನೇರ ಒಂದಕ್ಕೊಂದು ತಾಗಿದರೆ ಬೆಂಕಿಯೇ. ಎರಡಕ್ಕೂ ಬೇರೆ ಬೇರೆ ಅಳತೆಯ ಲೋಟ.

ಇನ್ನೊಂದು ಪ್ರಯೋಗ ಮಾಡಿದೆ, ದೋಣಿಗೂ ಅದಕ್ಕೂ ನೇರ ಸಂಬಂಧವಿಲ್ಲ. ಮರದ ದೋಣಿಗೆ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಬಳಿಯುವುದು ನಮ್ಮ ಕರಾವಳಿಯ ಹಳೇ ಪದ್ಧತಿಯಲ್ಲವೇ? ಪ್ಲೈ ತುಂಡಿಗೆ ಗೇರೆಣ್ಣೆ ಕುಡಿಸಿ, ಒಣಗಿಸಿ, ಮೇಲೆ ರೆಸಿನ್ ಎಳೆದು ನೋಡಿದೆ. ಹದಿನೈದು ದಿನವಾದರೂ ಕೆಳಗಿನ ಪದರ ಬೆಲ್ಲದ ಪಾಕದ ಹಾಗೆ ಉಳಿಯಿತು. ಗೇರೆಣ್ಣೆಯ ಫೀನಾಲು ರೆಸಿನ್ ಗಟ್ಟಿಯಾಗುವುದನ್ನೇ ತಡೆಯುತ್ತದೆ. ಹಾಗಾಗಿ ಮೊದಲು ಗೇರೆಣ್ಣೆ ಕಂಡ ಮರಕ್ಕೆ ಫೈಬರ್ ಹೊದಿಸಲು ಯಾರಾದರೂ ಕೇಳಿದರೆ ಕೈಮುಗಿಯಿರಿ. ಗೋಣಿ ಬಟ್ಟೆಯನ್ನು ಮ್ಯಾಟಿನ ಬದಲು ಹಾಕಿದ ತುಂಡು ತನ್ನ ತೂಕದ ಮೂರ್ನಾಲ್ಕು ಪಟ್ಟು ರೆಸಿನ್ ಹೀರಿತು, ಮೂರು ತಿಂಗಳು ನೀರಲ್ಲಿಟ್ಟ ಮೇಲೆ ಅಂಚಿನಲ್ಲಿ ಕಪ್ಪಾಯಿತು.

ನೆಲದಡಿಯ ಫೋಮ್ ನೀರು ಕುಡಿದು ಸ್ಪಂಜಾಗಿತ್ತು. ಕೆತ್ತಿ ತೂಗಿದರೆ 45 ಕೆಜಿ ಹತ್ತಿರ. ಹೊಸ ಫೋಮ್ ಸುರಿಯುವ ಮೊದಲು ಅಡ್ಡಪಟ್ಟಿಗಳ ಕೆಳಗೆ ನೀರು ಹರಿಯುವ ಕಿಂಡಿ ಬಿಟ್ಟೆ, ದೋಣಿ ಕಟ್ಟಿದವರು ಅದನ್ನೇ ಮರೆತಿದ್ದರು. ಚೈನ್ ಬ್ಲಾಕಿಗೆ ನೇತುಹಾಕಿ ತೂಗಿದಾಗ ಮೊದಲಿಗಿಂತ ಹಗುರವಾಗಿತ್ತೆಂದು ನೆನಪು.

ದುಡ್ಡು: ದೋಣಿಗೆ 18 ಸಾವಿರ ಕೊಟ್ಟಿದ್ದೆ. ರೆಸಿನ್ 32 ಕೆಜಿ, ಏಳೂವರೆ ಸಾವಿರದ ಸುಮಾರು, ಅದರಲ್ಲಿ ಆರು ಕೆಜಿ ಹಾಳು. ಮ್ಯಾಟು ರೋವಿಂಗು ಎರಡು ಸಾವಿರ, ಪ್ಲೈ ಎರಡು ಸಲ ಸೇರಿ ಎಂಟು, ಜೆಲ್ ಕೋಟ್ ಎರಡು, ಫೋಮ್ ಮೂರೂವರೆ, ಡಿಸ್ಕು ಅಸಿಟೋನು ಮಾಸ್ಕು ಐದಕ್ಕೂ ಮೇಲೆ, ಎಪಾಕ್ಸಿ (ಪಾಲಿಯೆಸ್ಟರ್ ಅಲ್ಲದ ಇನ್ನೊಂದು ಜಾತಿಯ ರೆಸಿನ್) ಮತ್ತು 316 ಸ್ಟೀಲಿನ ಬೋಲ್ಟು ಎರಡೂವರೆ. ಒಟ್ಟು ನಲವತ್ತೆಂಟರಿಂದ ಐವತ್ತು ಸಾವಿರ. ಇಷ್ಟೇ ಉದ್ದದ ಹೊಸದಕ್ಕೆ ಕೇಳಿದ್ದು ಒಂದೂವರೆ ಲಕ್ಷ. ಕೂಲಿ ಲೆಕ್ಕ ಹಾಕಿದರೆ ನಾನು ಸೋತಿದ್ದೇನೆ, ಹಾಗಾಗಿ ಹಾಕಿಲ್ಲ.

ಎಪಾಕ್ಸಿ ಬಳಸಿದ್ದು ಕೊಟ್ಟಕೊನೆಗೆ, ಬೋಲ್ಟಿನ ತೂತಿಗೆ ಮಾತ್ರ. ಎಪಾಕ್ಸಿ ಪಾಲಿಯೆಸ್ಟರಿನ ಮೇಲೆ ಹಿಡಿಯುತ್ತದೆ, ಎಪಾಕ್ಸಿಯ ಮೇಲೆ ಪಾಲಿಯೆಸ್ಟರ್ ಸರಿಯಾಗಿ ಹಿಡಿಯದು. 12 ಮಿಲಿಮೀಟರ್ ಬೋಲ್ಟಿಗೆ 20ರ ತೂತು ಕೊರೆದು, ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಮತ್ತೆ ಕೊರೆದೆ. ಹಾಗಾಗಿ ಬೋಲ್ಟಿನ ಪಕ್ಕ ನೀರು ಇಳಿದರೂ ಪ್ಲೈ ತಲುಪುವುದಿಲ್ಲ. ಮೊನ್ನೆ ಎಂಜಿನ್ ಬಿಚ್ಚಿ ಇಡೀ ಹಲಗೆ ತಟ್ಟಿ ನೋಡಿದೆ, ಎಲ್ಲ ಕಡೆ ಕಲ್ಲಿನ ಸದ್ದು, ಕೆಳಗಿನ ಡ್ರೇನ್ ತೂತಿನ ಸುತ್ತ ಎರಡಿಂಚು ಬಿಟ್ಟು. ಅದೊಂದಕ್ಕೆ ಎಪಾಕ್ಸಿ ತುಂಬದೆ ಹಿತ್ತಾಳೆ ಕೊಳವೆಯನ್ನು ನೇರ ತೂರಿಸಿದ್ದೆ. ಮಳೆ ಮುಗಿದು ಡಿಸೆಂಬರ್ ಬಂದ ಮೇಲೆ ಅಷ್ಟು ಜಾಗ ಬಿಚ್ಚಬೇಕು.