ಗುಂಡಿ ಒತ್ತದ ಕೋತಿ

ಚಿತ್ರದುರ್ಗದ ಕೋಟೆಯ ಮೆಟ್ಟಿಲುಗಳ ಮೇಲೆ ಕೈಯಲ್ಲಿದ್ದ ಮಂಡಕ್ಕಿ ಪೊಟ್ಟಣವನ್ನು ಕೋತಿಗಳಿಗೆ ಕಳೆದುಕೊಳ್ಳುತ್ತಲೇ ಬೆಳೆದ ನಾನು, ಮುಂದೆ ಅಮೆರಿಕದ ಒಂದು ಪ್ರಯೋಗಾಲಯದಲ್ಲಿ ಕೊಕೇನ್ ಚಟದ ಸಂಶೋಧನೆಗಾಗಿ ರೀಸಸ್ ಕೋತಿಗಳೊಡನೆ ಮೂರು ವರ್ಷ ಕೆಲಸ ಮಾಡಿದೆ. ರಜೆಗೆ ಊರಿಗೆ ಬಂದಾಗ ಅವ್ವ, "ಹನುಮಪ್ಪಗೆ ಸೂಜಿ ಚುಚ್ಚೋ ಕೆಲಸಾನೇನಪ್ಪಾ?" ಎಂದು ಕೇಳಿದ್ದಳು, ನನ್ನಲ್ಲಿ ಉತ್ತರವಿರಲಿಲ್ಲ.

ಈಗ ನಾನು ಔಷಧಶಾಸ್ತ್ರ ಕಲಿಸುವ ದಾವಣಗೆರೆಯ ತರಗತಿಯಲ್ಲಿ, ಇಲಿ ಸಾಕಾಗದೇ ಎಂಬ ಪ್ರಶ್ನೆ ಪ್ರತಿವರ್ಷ ಬರುತ್ತದೆ. ಬಹಳಷ್ಟು ಪ್ರಶ್ನೆಗಳಿಗೆ ಇಲಿಯೇ ಸಾಕು. ಆದರೆ ಒಂದೇ ಪ್ರಾಣಿಯನ್ನು ವರ್ಷಗಟ್ಟಲೆ ಗಮನಿಸಿ, ಅದರ ಮಿದುಳನ್ನು ಮತ್ತೆ ಮತ್ತೆ ಸ್ಕ್ಯಾನ್ ಮಾಡಬೇಕಾದಾಗ ಕೋತಿ ಬೇಕಾಗುತ್ತದೆ. ಅಮೆರಿಕದ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದ ತಂಡ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂಟಿಯಾಗಿದ್ದ ಮಕಾಕ್ ಕೋತಿಗಳನ್ನು ಗುಂಪುಗೂಡಿಸಿದ ಮೇಲೆ ಯಜಮಾನಿಕೆ ನಡೆಸಿದವುಗಳಲ್ಲಿ ಮಿದುಳಿನ ರಾಸಾಯನಿಕ ಡೋಪಮೈನ್ ಬಂದು ಅಂಟುವ ಡಿ2 ಗ್ರಾಹಿಗಳ ಲಭ್ಯತೆ ಹೆಚ್ಚಿತು. ಕೊಕೇನಿಗೆ ಹೆಚ್ಚು ಒಲಿದವು ಅವುಗಳ ಕೈಕೆಳಗಿನವು.

ನಮ್ಮ ಪ್ರಯೋಗದಲ್ಲಿ ದೀಪ ಹೊತ್ತಿದಾಗ ಕೋತಿ ಗುಂಡಿಯನ್ನು 30 ಸಲ ಒತ್ತಿದರೆ, ಬೆನ್ನಿನ ಚರ್ಮದಡಿ ಕೂರಿಸಿದ ಪೋರ್ಟ್ ಎಂಬ ಪುಟ್ಟ ಡಬ್ಬಿ ಮತ್ತು ಅದಕ್ಕೆ ಜೋಡಿಸಿದ ನಳಿಕೆಯ ಮೂಲಕ ರಕ್ತನಾಳಕ್ಕೆ ಕೊಕೇನ್ ದ್ರಾವಣ ಹರಿಯುತ್ತಿತ್ತು. ಆಮೇಲೆ ದೀಪ ಆರಿ ಹತ್ತು ನಿಮಿಷ ವಿರಾಮ. ಹಗಲಿನ ಇನ್ನೊಂದು ಹೊತ್ತಿನಲ್ಲಿ ಅದೇ ಲೆಕ್ಕಕ್ಕೆ ಬಾಳೆಹಣ್ಣಿನ ರುಚಿಯ ತಿನಿಸಿನ ಗುಳಿಗೆ. ಅವಧಿಗೆ ಮಿತಿ ಇಡುವುದಕ್ಕೆ ಕಾರಣವಿತ್ತು: ಮಿತಿಯಿಲ್ಲದೆ ಕೊಕೇನ್ ಸಿಕ್ಕ ಕೋತಿಗಳು ಸೆಳವು ಬಂದು ಸತ್ತದ್ದನ್ನು 1969ರಷ್ಟು ಹಿಂದೆಯೇ ಮಿಚಿಗನ್‌ನ ಸಂಶೋಧಕರು ವರದಿ ಮಾಡಿದ್ದರು.

ಚಟ ಬಿಡಿಸಬಹುದೆಂಬ ಒಂದು ಔಷಧವನ್ನು ಪರೀಕ್ಷಿಸುತ್ತಿದ್ದಾಗ ಒಂದು ಕೋತಿ ನಾಲ್ಕೇ ದಿನಗಳಲ್ಲಿ ಕೊಕೇನ್ ಗುಂಡಿಯನ್ನು ಬಹುತೇಕ ಬಿಟ್ಟುಬಿಟ್ಟಿತು, ಗುಳಿಗೆಯನ್ನು ಮಾತ್ರ ಎಂದಿನಂತೆ ತಿನ್ನುತ್ತಿತ್ತು. ಯಾವ ಸಂಶೋಧಕನೂ ಹಂಬಲಿಸುವ ಫಲಿತಾಂಶವದು. ನಾನು ಅಂದೇ ಗ್ರಾಫ್ ಎಳೆದು ಮಾರ್ಗದರ್ಶಕರ ಮೇಜಿನ ಮೇಲಿಟ್ಟೆ. ಅವರು ಗ್ರಾಫನ್ನು ಬದಿಗಿಟ್ಟು ಮೊದಲ ದಿನದ ಮೂಲ ದಾಖಲೆ ಕೇಳಿದರು. ಅದರಲ್ಲಿ, ದೀಪ ಆರಿದ ವಿರಾಮದಲ್ಲೂ ಕೋತಿ ನೂರಾರು ಸಲ ರಪರಪನೆ ಗುಂಡಿ ಒತ್ತಿತ್ತು. ನಲ್ಲಿಯಲ್ಲಿ ನೀರು ಬಾರದಾಗ ನಾವು ತಿರುಪನ್ನು ತಿರುಗಿಸುತ್ತಲೇ ಇರುತ್ತೇವಲ್ಲ, ಹಾಗೆ.

ಪೋರ್ಟಿಗೆ ಅರಿವಳಿಕೆ ಔಷಧ ಕೆಟಮಿನ್‌ನ ಸಣ್ಣ ಪ್ರಮಾಣ ಕೊಟ್ಟು ನೋಡಿದೆವು. ನಳಿಕೆ ಸರಿಯಿದ್ದರೆ ಕೆಲವೇ ಸೆಕೆಂಡುಗಳಲ್ಲಿ ಮೈ ಸಡಿಲವಾಗಬೇಕು. ಕೋತಿ ನನ್ನನ್ನೇ ದಿಟ್ಟಿಸುತ್ತ ಕೆನ್ನೆಚೀಲದ ಗುಳಿಗೆ ಜಗಿಯುತ್ತಿತ್ತು. ಬೆನ್ನು ಸವರಿದಾಗ ಪೋರ್ಟಿನ ಪಕ್ಕದಲ್ಲಿ ಹುಣಸೆಬೀಜದಷ್ಟು ಉಬ್ಬು ಕೈಗೆ ತಗುಲಿತು. ನಳಿಕೆ ಕಳಚಿ ದ್ರಾವಣ ಚರ್ಮದಡಿಯೇ ಸೋರುತ್ತಿತ್ತು. ದಿನವೂ ಕೈಯಿಟ್ಟು ನೋಡಬೇಕಾದ ಜಾಗವದು. ನಾಲ್ಕು ದಿನ ನಾನು ನೋಡಿರಲಿಲ್ಲ, ನೋವು ತಿಂದದ್ದು ಕೋತಿ.

ಪಶುವೈದ್ಯರು ಹೊಸ ನಳಿಕೆ ಹಾಕಿದರು, ಹಳೆಯ ಅಂಕಿಗಳನ್ನು ಹೊಡೆದುಹಾಕಿದೆವು. ಗಾಯ ಮಾದು, ಕೋತಿ ಹಿಂದಿನ ಲಯಕ್ಕೆ ಮರಳಿದ ಮೇಲೆ ಅದೇ ಔಷಧವನ್ನು ಮತ್ತೆ ಕೊಟ್ಟಾಗ ಕೊಕೇನಿಗಾಗಿ ಒತ್ತುವುದು ನಿಜವಾಗಿಯೂ ಇಳಿಯಿತು. ಆದರೆ ಗುಳಿಗೆಗಾಗಿ ಒತ್ತುವುದೂ ಅಷ್ಟೇ ಇಳಿಯಿತು, ಬಂದ ಒಂದೆರಡು ಗುಳಿಗೆಗಳೂ ತಟ್ಟೆಯಲ್ಲೇ ಉಳಿದವು. ಔಷಧ ಮಾಡಿದ್ದು ಮಂಪರು ತರಿಸಿದ್ದಷ್ಟೇ.