ಏರ್‌ಪೋರ್ಟ್ ಪಕ್ಕದ ಜನಕ್ಕೆ ಸರಾಸರಿ ಡೆಸಿಬೆಲ್ ಹೇಳೋದು ಬಿಟ್ಟು ವಿಮಾನಗಳ ಲೆಕ್ಕ ಕೊಡೋಕೆ ಶುರು ಮಾಡಿದ್ದು: ನನ್ನ ಅನುಭವ

ಏರ್‌ಪೋರ್ಟ್ ಸುತ್ತಮುತ್ತಲ ಬಡಾವಣೆಗಳಿಂದ ಬರೋ ಸದ್ದಿನ ದೂರು ನೋಡೋದು, ಅಲ್ಲಿನ ಜನರ ಜೊತೆ ಮೀಟಿಂಗ್ ಮಾಡೋದು, ಉತ್ತರ ಬರೆಯೋದು, ಇದು ನನ್ನ ಕೆಲ್ಸ. ಈ ಕೆಲ್ಸಕ್ಕೆ ಹೊಸದಾಗಿ ಸೇರೋರು ಸಿಕ್ಕಿದ ತಕ್ಷಣ ಕೇಳೋದು, ಸಿಟ್ಟಲ್ಲಿರೋ ಜನರನ್ನ ಹೇಗೆ ಸಮಾಧಾನ ಮಾಡೋದು ಅಂತ. ಸಮಾಧಾನ ಮಾಡೋಕೆ ಹೋಗ್ಲೇಬೇಡಿ, ಅವ್ರು ಏನು ಕೇಳಿದ್ರೋ ಮೊದ್ಲು ಅದಕ್ಕೆ ಉತ್ತರ ಕೊಡಿ ಅಂತೀನಿ. ಅವ್ರ ಪ್ರಶ್ನೆ ಬಹಳ ನೇರ: ನಮ್ಮ ಮನೆ ಮೇಲೆ ದಿನಕ್ಕೆ ಎಷ್ಟು ವಿಮಾನ ಹೋಗತ್ತೆ, ಯಾವ ಹೊತ್ತಲ್ಲಿ ಹೋಗತ್ತೆ, ನಮಗೆ ಬಿಡುವು ಯಾವಾಗ. ಏರ್‌ಪೋರ್ಟ್‌ಗಳು ಸಾಮಾನ್ಯವಾಗಿ ಕೊಡೋ ಉತ್ತರ, ನಿಮ್ಮ ಏರಿಯಾದಲ್ಲಿ ವರ್ಷದ ಸರಾಸರಿ ಸದ್ದು ಇಷ್ಟು ಡೆಸಿಬೆಲ್, ಅದು ಮಿತಿಯೊಳಗೇ ಇದೆ. ಪ್ರಶ್ನೆಗೂ ಉತ್ತರಕ್ಕೂ ಸಂಬಂಧನೇ ಇಲ್ಲ.

ಈ ಸರಾಸರಿ ಅನ್ನೋದು ಹೇಗೆ ಬರತ್ತೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಜಗಳ ಹುಟ್ಟೋದೇ ಅಲ್ಲಿ. ಎಲ್ಲಾ ವಿಮಾನದ ಸದ್ದಿನ ಶಕ್ತಿಯನ್ನ ಕೂಡಿಸಿ ಇಡೀ ದಿನಕ್ಕೆ, ಆಮೇಲೆ ಇಡೀ ವರ್ಷಕ್ಕೆ ಹರಡ್ತಾರೆ. ಯುರೋಪಿನಲ್ಲಿ ಸಂಜೆ ಸದ್ದಿಗೆ 5, ರಾತ್ರಿ ಸದ್ದಿಗೆ 10 ಡೆಸಿಬೆಲ್ ಸೇರಿಸಿ ಲೆಕ್ಕ ಹಾಕ್ತಾರೆ, ಅಮೆರಿಕದಲ್ಲಿ ರಾತ್ರಿಗೆ ಮಾತ್ರ 10. ಒಂದೇ ಸರಾಸರಿ ಸದ್ದಿರೋ ಜಾಗಗಳನ್ನ ಸೇರಿಸಿ ಮ್ಯಾಪ್ ಮೇಲೆ ಗೆರೆ ಎಳೆಯೋಕೆ, ಯಾವ ಮನೆಗೆ ಸದ್ದು ತಡೆಯೋ ಕಿಟಕಿಗೆ ದುಡ್ಡು ಕೊಡಬೇಕು ಅಂತ ನಿರ್ಧಾರ ಮಾಡೋಕೆ ಇದು ಉಪಯೋಗಕ್ಕೆ ಬರತ್ತೆ, ಅದನ್ನ ನಾನು ಅಲ್ಲಗಳೆಯಲ್ಲ. ಆದ್ರೆ ಡೆಸಿಬೆಲ್ ಲೆಕ್ಕ ಲಾಗರಿದಮ್‌ನಲ್ಲಿ ನಡೆಯೋದು, ಹಾಗಾಗಿ ಒಂದು ಬೀದಿ ಮೇಲೆ ದಿನಕ್ಕೆ 100 ವಿಮಾನ ಹೋಗ್ತಿದ್ದದ್ದು 200 ಆದ್ರೂ ಸರಾಸರಿ ಏರೋದು 3 ಡೆಸಿಬೆಲ್ ಅಷ್ಟೆ. ಬರೀ 3 ಅಂತ ರಿಪೋರ್ಟ್‌ನಲ್ಲಿ ಓದಿದ್ರೆ ಏನೂ ಆಗಿಲ್ಲ ಅನ್ಸತ್ತೆ, ಆ ಬೀದಿಯಲ್ಲಿ ಇರೋರಿಗೆ ಫೋನಲ್ಲಿ ಮಾತು ನಿಲ್ಲಿಸಬೇಕಾಗಿ ಬರೋದು ಎರಡರಷ್ಟಾಗಿರತ್ತೆ, ಮಲಗಿದ ಮಗು ಎದ್ದೇಳೋದೂ ಜಾಸ್ತಿಯಾಗಿರತ್ತೆ. ಅವ್ರ ಮುಂದೆ ನಿಂತು "ಬದಲಾವಣೆ ಅತ್ಯಲ್ಪ" ಅಂದ್ರೆ ಆಮೇಲೆ ನೀವು ಏನು ಹೇಳಿದ್ರೂ ನಂಬಲ್ಲ, ನಂಬಬೇಕು ಅಂತ ಕೇಳೋ ಹಕ್ಕೂ ನಮಗಿರಲ್ಲ.

ಸಿಡ್ನಿಯಲ್ಲಿ ಆಗಿದ್ದನ್ನ ಈ ಕೆಲ್ಸ ಮಾಡೋ ಪ್ರತಿಯೊಬ್ರೂ ತಿಳ್ಕೊಂಡಿರಬೇಕು. ಅಲ್ಲಿ 1994ರಲ್ಲಿ ಮೂರನೇ ರನ್‌ವೇ ಶುರುವಾಯ್ತು, ಅದಕ್ಕೆ ಮುಂಚೆ ಸದ್ದಿನ ಪರಿಣಾಮ ತೋರಿಸಿದ್ದು ಇಂಥದ್ದೇ ಸರಾಸರಿ ಗೆರೆಗಳ ಮ್ಯಾಪ್‌ನಲ್ಲಿ, ಗೆರೆಯ ಹೊರಗಿದ್ದವ್ರು ನಮಗೇನೂ ತೊಂದರೆ ಇಲ್ಲ ಅಂತ ಅರ್ಥ ಮಾಡ್ಕೊಂಡ್ರು. ರನ್‌ವೇ ಶುರುವಾದ ಮೇಲೆ ಗೆರೆಯ ಹೊರಗಿನ ಬಡಾವಣೆಗಳಿಂದಲೇ ದೂರಿನ ಮೇಲೆ ದೂರು, ಬೀದಿ ಪ್ರತಿಭಟನೆ, ಸೆನೆಟ್ ವಿಚಾರಣೆ ಎಲ್ಲಾ ಆಯ್ತು. ಕೊನೆಗೆ 2000ದಲ್ಲಿ ಆಸ್ಟ್ರೇಲಿಯಾದ ಸಾರಿಗೆ ಇಲಾಖೆನೇ ಒಂದು ಚರ್ಚಾ ಪತ್ರ ತಂದು, ಜನಕ್ಕೆ ಸರಾಸರಿಗಿಂತ ವಿಮಾನಗಳ ಸಂಖ್ಯೆ, ಹಾರೋ ದಾರಿ, ಬಿಡುವಿನ ಹೊತ್ತು ಹೇಳಬೇಕು ಅಂತು. ಎನ್70 ಅನ್ನೋ ಅಳತೆ ಎಲ್ಲರ ಬಾಯಿಗೆ ಬಂದಿದ್ದು ಹೀಗೆ, ಅಂದ್ರೆ ಒಂದು ಜಾಗದಲ್ಲಿ 70 ಡೆಸಿಬೆಲ್ ದಾಟಿದ ವಿಮಾನದ ಸದ್ದು ದಿನಕ್ಕೆ ಎಷ್ಟು ಸಲ ಬಂತು. 70 ಯಾಕಂದ್ರೆ ಹೊರಗೆ ಅಷ್ಟಿದ್ರೆ ಕಿಟಕಿ ತೆಗೆದಿರೋ ಮನೆಯೊಳಗೆ ಸುಮಾರು 60 ಆಗತ್ತೆ, ಅಲ್ಲಿಗೆ ಮಾತಿಗೆ ಅಡ್ಡಿಯಾಗೋಕೆ ಶುರು. ರಾತ್ರಿಗೆ ಎನ್60 ನೋಡ್ತಾರೆ.

ನಾನು ಮಾಡಿದ್ದು ಇದನ್ನೇ, ಬೀದಿ ಬೀದಿಗೆ ಇಳಿಸಿದ್ದು. ಪ್ರತಿ ಬಡಾವಣೆಗೂ ಒಂದು ಟೇಬಲ್: ಗಂಟೆ ಗಂಟೆಗೆ 70 ದಾಟಿದ್ದೆಷ್ಟು, ರಾತ್ರಿ 60 ದಾಟಿದ್ದೆಷ್ಟು, ತಿಂಗಳಲ್ಲಿ ಅತಿ ಕೆಟ್ಟ ದಿನ ಯಾವ್ದು, ಒಂದೂ ಬರದ ದಿನ ಎಷ್ಟು. ಕೆಟ್ಟ ದಿನ ಹಾಕಲೇಬೇಕು ಅಂತ ಹಠ ಹಿಡಿದೆ. ಯಾಕಂದ್ರೆ ವಿಮಾನಗಳು ಏರೋದು ಇಳಿಯೋದು ಎರಡೂ ಗಾಳಿಗೆ ಎದುರಾಗಿ, ಗಾಳಿ ತಿರುಗಿದ್ರೆ ರನ್‌ವೇ ದಿಕ್ಕೂ ತಿರುಗತ್ತೆ, ಹಾಗಾಗಿ ಒಂದು ಬಡಾವಣೆ ವಾರಗಟ್ಟಲೆ ಶಾಂತವಾಗಿದ್ದು ಆಮೇಲೆ ನಾಲ್ಕೈದು ದಿನ ಬಿಡದೆ ಸದ್ದು ತಿನ್ನತ್ತೆ, ವರ್ಷದ ಸರಾಸರಿಯಲ್ಲಿ ಇದು ಕಾಣೋದೇ ಇಲ್ಲ. ಆಫೀಸಲ್ಲಿ ಕೆಲವ್ರು ಬೇಡ ಅಂದ್ರು, ಇಂಥ ನಂಬರ್ ಕೊಟ್ರೆ ಅದನ್ನೇ ಹಿಡ್ಕೊಂಡು ನಮ್ಮ ಮೇಲೆ ಬೀಳ್ತಾರೆ ಅಂತ. ಹಿಡ್ಕೊಂಡ್ರು ನಿಜ, ಆದ್ರೆ ಅದಾದ್ಮೇಲೆ ಮೀಟಿಂಗ್‌ನಲ್ಲಿ ನೀವು ಸುಳ್ಳು ಹೇಳ್ತೀರಿ ಅನ್ನೋ ಮಾತು ನಿಂತು, ಬೆಳಗಿನ ಜಾವದ್ದನ್ನ ಕಮ್ಮಿ ಮಾಡೋಕಾಗತ್ತಾ ಅನ್ನೋ ಮಾತು ಶುರುವಾಯ್ತು. ನನಗೆ ಬೇಕಿದ್ದಿದ್ದೂ ಅದೇ.

ಅಳತೆ ಯಂತ್ರ ಎಲ್ಲಿಡಬೇಕು ಅನ್ನೋದನ್ನ ಜನರಿಗೇ ಬಿಟ್ಟೆ. ಕೆಲವು ನಿಯಮ ಮಾತ್ರ ನಮ್ಮದು: ಗೋಡೆಗೆ ಹತ್ರ ಇಡಬಾರದು, ಸದ್ದು ಗೋಡೆಗೆ ಬಡಿದು ವಾಪಸ್ ಬಂದು ರೀಡಿಂಗ್ ಏರತ್ತೆ, ದೊಡ್ಡ ರಸ್ತೆ ಪಕ್ಕ ಬೇಡ, ಮತ್ತೆ ಯಂತ್ರ ಹಿಡಿದ ಪ್ರತಿ ಸದ್ದನ್ನೂ ರೇಡಾರ್ ಟ್ರ್ಯಾಕ್ ಜೊತೆ, ಅಂದ್ರೆ ವಿಮಾನ ಯಾವಾಗ ಎಲ್ಲಿ ಎಷ್ಟು ಎತ್ತರದಲ್ಲಿ ಹೋಯ್ತು ಅನ್ನೋ ದಾಖಲೆ ಜೊತೆ, ಹೊಂದಿಸಿ ನೋಡಬೇಕು, ಇಲ್ಲಾಂದ್ರೆ ಲಾರಿ ಸದ್ದು, ನಾಯಿ ಬೊಗಳಿದ್ದು ಎಲ್ಲಾ ವಿಮಾನದ ಲೆಕ್ಕಕ್ಕೆ ಸೇರ್ಕೊಳ್ಳತ್ತೆ. ಹೊಂದಿಸಿದ್ದು, ತೆಗೆದು ಹಾಕಿದ್ದು ಎರಡನ್ನೂ ಅವ್ರಿಗೆ ಕೊಟ್ಟೆ. ತೆಗೆದು ಹಾಕಿದ್ದನ್ನ ಕೊಡೋದು ಬಹಳ ಮುಖ್ಯ, ಅನುಮಾನ ಮನೆ ಮಾಡೋದೇ ಅಲ್ಲಿ.

ಇನ್ನು "ಇವತ್ತು ವಿಮಾನ ತೀರಾ ಕೆಳಗೆ ಬಂತು" ಅನ್ನೋ ದೂರು, ಇದು ಬರದ ವಾರ ಇಲ್ಲ. ಇಳಿಯೋ ವಿಮಾನ ಸಾಮಾನ್ಯವಾಗಿ 3 ಡಿಗ್ರಿ ಇಳಿಜಾರಲ್ಲಿ ಬರತ್ತೆ, ಅಂದ್ರೆ ರನ್‌ವೇಗೆ 10 ಕಿಲೋಮೀಟರ್ ಇರೋ ಮನೆ ಮೇಲೆ ಸುಮಾರು 525 ಮೀಟರ್ ಎತ್ತರ. ಏರ್‌ಬಸ್ ಎ320ಯ ರೆಕ್ಕೆಗಳ ಅಗಲ ಸುಮಾರು 36 ಮೀಟರ್, ಬೋಯಿಂಗ್ 777-300ಇಆರ್‌ದು ಸುಮಾರು 65, ಹಾಗಾಗಿ ಒಂದೇ ಎತ್ತರದಲ್ಲಿ ಬಂದ್ರೂ ದೊಡ್ಡದು ತಲೆಗೇ ಬಡಿಯೋ ಥರ ಕಾಣತ್ತೆ. ಇದನ್ನ ರೇಡಾರ್ ಟ್ರ್ಯಾಕ್ ತೆಗೆದು ಸ್ಕ್ರೀನ್ ಮೇಲೆ ತೋರಿಸಿ ಹೇಳಿದ್ರೆ ಜನ ಕೇಳ್ತಾರೆ, ನಿಮಗೆ ಹಾಗನ್ಸತ್ತೆ ಅಷ್ಟೆ ಅಂದ್ರೆ ಎದ್ದು ಹೋಗ್ತಾರೆ. ಇನ್ನೊಂದು, ಟೇಕಾಫ್ ಬಗ್ಗೆ ಇಂಥ ದೂರು ಬಂದಾಗ ಎಷ್ಟೋ ಸಲ ಅವ್ರು ಹೇಳೋದು ಸರಿನೇ ಇರತ್ತೆ, ಬಿಸಿಲು ಜಾಸ್ತಿ ಇರೋ ದಿನ, ದೂರದ ಊರಿಗೆ ಇಂಧನ ತುಂಬ್ಕೊಂಡು ಭಾರವಾಗಿರೋ ವಿಮಾನ ನಿಧಾನಕ್ಕೇ ಏರೋದು. ಟ್ರ್ಯಾಕ್ ನೋಡದೆ ಉತ್ತರ ಬರೀಬೇಡಿ.

ಜನರ ಕಿವಿಯನ್ನ ನಂಬಬೇಕು ಅನ್ನೋದಕ್ಕೆ ನಾನು ಯಾವಾಗ್ಲೂ ಕೊಡೋ ಉದಾಹರಣೆ ಎ320 ಸಿಳ್ಳೆ. ವಿಮಾನ ಬರೋಕೆ ಮುಂಚೆ ಒಂಥರಾ ಊಳಿಡೋ ಸಿಳ್ಳೆ ಕೇಳ್ಸತ್ತೆ, ಎಲ್ಲಾ ವಿಮಾನಕ್ಕೂ ಅಲ್ಲ ಅಂತ ಲ್ಯಾಂಡಿಂಗ್ ದಾರಿ ಕೆಳಗಿನ ಜನ ಹೇಳ್ತಾನೇ ಇದ್ರು. ಅದು ಕಲ್ಪನೆ ಅಲ್ಲ. ಎ320 ಗುಂಪಿನ ವಿಮಾನಗಳ ರೆಕ್ಕೆ ಅಡಿಯಲ್ಲಿ ಇಂಧನ ಟ್ಯಾಂಕಿನ ಒತ್ತಡ ಬಿಡೋಕೆ ದುಂಡನೆ ತೂತುಗಳಿವೆ, ಖಾಲಿ ಬಾಟಲಿ ಬಾಯಿಗೆ ಊದಿದಾಗ ಆಗೋ ಹಾಗೆ ಗಾಳಿ ಅದರ ಮೇಲೆ ಹಾದಾಗ ಸಿಳ್ಳೆ ಬರತ್ತೆ. ತೂತಿನ ಮುಂದೆ ಗಾಳಿ ಸುಳಿ ಎಬ್ಬಿಸೋ ಒಂದು ಸಣ್ಣ ಲೋಹದ ತುಂಡು ಕೂರಿಸಿದ್ರೆ ಅದು ನಿಲ್ಲತ್ತೆ, ಲುಫ್ತಾನ್ಸಾ 2014ರಲ್ಲಿ ಮೊದಲು ಹಾಕಿತು, ಒಟ್ಟು ಸದ್ದು 4 ಡೆಸಿಬೆಲ್‌ವರೆಗೆ ಇಳಿಯತ್ತೆ. ಇದು ಗೊತ್ತಾದ್ಮೇಲೆ ನಮ್ಮಲ್ಲಿಗೆ ಬರೋ ಏರ್‌ಲೈನ್‌ಗಳಿಗೆ ಪತ್ರ ಬರೆದು, ನಿಮ್ಮ ಎಷ್ಟು ವಿಮಾನಕ್ಕೆ ಇದು ಹಾಕಿದೆ, ಉಳಿದಿದ್ದಕ್ಕೆ ಯಾವಾಗ ಅಂತ ಕೇಳಿ, ಬಂದ ಉತ್ತರ, ಬರದೇ ಇದ್ದಿದ್ದು ಎರಡನ್ನೂ ಜನರ ಮೀಟಿಂಗ್‌ನಲ್ಲಿ ಓದ್ತಾ ಬಂದೆ. ಒಂದೊಂದಾಗಿ ಹಾಕಿದ್ರು.

ದೂರಿನ ಸಂಖ್ಯೆ ಹಿಡ್ಕೊಂಡು ವಾದ ಮಾಡೋದು ನನಗಿಷ್ಟ ಇಲ್ಲ. ವಾಷಿಂಗ್ಟನ್‌ನ ರೇಗನ್ ಏರ್‌ಪೋರ್ಟ್‌ಗೆ 2015ರಲ್ಲಿ ಬಂದ 8,760 ದೂರಲ್ಲಿ 6,852 ಒಂದೇ ಮನೆಯಿಂದ ಬಂದಿದ್ವು, ಇದನ್ನ ತೋರಿಸಿ ನೋಡಿ ಎಲ್ಲಾ ಒಬ್ಬಿಬ್ಬರ ಗಲಾಟೆ ಅಂತಾರೆ. ಆ ಮನೆ ಬಿಟ್ಟರೂ ಉಳಿದ ಮನೆಗಳು ಇದ್ದೇ ಇವೆಯಲ್ಲ, ಸಾಕಾಗಿ ದೂರು ಕೊಡೋದನ್ನೇ ಬಿಟ್ಟವ್ರೂ ಇರ್ತಾರೆ. ಅಮೆರಿಕದಲ್ಲಿ 20 ಏರ್‌ಪೋರ್ಟ್ ಹತ್ರ 10,000ಕ್ಕೂ ಹೆಚ್ಚು ಜನರನ್ನ ಕೇಳಿ 2021ರಲ್ಲಿ ಬಿಡುಗಡೆ ಮಾಡಿದ ಸಮೀಕ್ಷೆಯಲ್ಲಿ, ಅಲ್ಲಿನ 65 ಡೆಸಿಬೆಲ್ ಗೆರೆ ಹತ್ರ ಇರೋರಲ್ಲಿ ಶೇ 60ಕ್ಕಿಂತ ಹೆಚ್ಚು ಜನ ತುಂಬಾ ಕಿರಿಕಿರಿ ಆಗತ್ತೆ ಅಂದ್ರು, ಹಳೇ ಲೆಕ್ಕದ ಪ್ರಕಾರ ಅದು ಶೇ 12ರ ಆಸುಪಾಸು ಇರಬೇಕಿತ್ತು. ಹಾಗಾಗಿ ನಾನು ದೂರು ಎಣಿಸೋ ಬದ್ಲು ಎಷ್ಟು ಮನೆ, ಎಷ್ಟು ಬೀದಿ, ಯಾವ ಹೊತ್ತು ಅಂತ ವಿಂಗಡಿಸ್ತೀನಿ, ಜಾಸ್ತಿ ಬರೆಯೋರ ಪತ್ರವನ್ನೂ ಪೂರ್ತಿ ಓದ್ತೀನಿ, ನಮ್ಮ ಸಿಸ್ಟಮ್‌ನಲ್ಲಿ ಕಾಣದ ಬದಲಾವಣೆ ಎಷ್ಟೋ ಸಲ ಅವ್ರ ಪತ್ರದಲ್ಲೇ ಮೊದ್ಲು ಕಂಡಿದೆ.

ಬಿಡುವಿನ ವಿಷ್ಯದಲ್ಲಿ ಲಂಡನ್ ಹೀಥ್ರೂ ಮಾಡೋದು ಒಳ್ಳೇದು, ವಿಮಾನಗಳು ಪಶ್ಚಿಮಕ್ಕೆ ಹಾರೋ ದಿನಗಳಲ್ಲಿ ಇಳಿಯೋ ರನ್‌ವೇಯನ್ನ ಮಧ್ಯಾಹ್ನ 3 ಗಂಟೆಗೆ ಬದಲಾಯಿಸ್ತಾರೆ, ಯಾವ ವಾರ ಯಾವ್ದು ಅಂತ ಮುಂಚೇನೇ ವೇಳಾಪಟ್ಟಿ ಹಾಕ್ತಾರೆ. ಯಾವಾಗ ಸದ್ದಿಲ್ಲ ಅಂತ ಗೊತ್ತಿದ್ರೆ ಜನ ಅದಕ್ಕೆ ತಕ್ಕ ಹಾಗೆ ತಮ್ಮ ದಿನ ಇಟ್ಕೊಳ್ತಾರೆ. ನಮ್ಮಲ್ಲೂ ರನ್‌ವೇ ರಿಪೇರಿ ಇದ್ದಾಗ ಯಾವ ಬಡಾವಣೆ ಮೇಲೆ ಎಷ್ಟು ರಾತ್ರಿ ಜಾಸ್ತಿ ಆಗತ್ತೆ ಅಂತ ಮೊದಲೇ ಮನೆ ಮನೆಗೆ ತಿಳಿಸೋದು ಶುರು ಮಾಡಿದೆ, ಅಂಥ ರಾತ್ರಿಗಳಲ್ಲೂ ಫೋನ್‌ನಲ್ಲಿ ಬೈಗುಳ ಕಮ್ಮಿಯಾಯ್ತು. ಇದರ ಉಲ್ಟಾ ಆಗಿದ್ದು ಅಮೆರಿಕದ ಫೀನಿಕ್ಸ್‌ನಲ್ಲಿ: 2014ರಲ್ಲಿ ಉಪಗ್ರಹ ಆಧಾರಿತ ಹೊಸ ದಾರಿಗಳು ಬಂದು ವಿಮಾನಗಳು ಸಣ್ಣ ಪಟ್ಟಿಯೊಳಗೆ ಒಂದರ ಹಿಂದೊಂದು ಹೋಗೋಕೆ ಶುರುವಾಯ್ತು, ಕೆಳಗಿನ ಹಳೇ ಬಡಾವಣೆಗಳ ಜನಕ್ಕೆ ಸರಿಯಾಗಿ ಹೇಳೇ ಇರಲಿಲ್ಲ, 2017ರಲ್ಲಿ ಕೋರ್ಟ್ ಆ ಅನುಮತಿನೇ ತಪ್ಪು ಅಂತು. ದಾರಿ ಬದಲಾಗೋ ಮುಂಚೆ ಹೋಗಿ ಮಾತಾಡೋದು ಕಷ್ಟದ ಕೆಲ್ಸ, ಆದ್ರೂ ಮಾಡಲೇಬೇಕು.

ಯಾರ ಕೈಲಿ ಏನಿದೆ ಅನ್ನೋದನ್ನೂ ಮೊದಲ ಮೀಟಿಂಗ್‌ನಲ್ಲೇ ಹೇಳ್ಬಿಡ್ತೀನಿ. ಅಂತರರಾಷ್ಟ್ರೀಯ ವಿಮಾನಯಾನ ಸಂಸ್ಥೆ ಐಕಾವೊ 2001ರಲ್ಲಿ ಒಪ್ಪಿದ ಕ್ರಮದ ಪ್ರಕಾರ ನಾಲ್ಕು ದಾರಿ ನೋಡಬೇಕು: ವಿಮಾನವೇ ಸದ್ದು ಕಮ್ಮಿ ಮಾಡೋದು, ಸುತ್ತಲಿನ ಜಾಗದಲ್ಲಿ ಏನು ಕಟ್ಟಬೇಕು ಅನ್ನೋ ಪ್ಲಾನಿಂಗ್, ಹಾರಿಸೋ ರೀತಿ, ಮತ್ತೆ ನಿರ್ಬಂಧ. ನಿರ್ಬಂಧವನ್ನೇ ಮೊದಲ ದಾರಿ ಮಾಡ್ಕೋಬಾರದು ಅಂತಾನೂ ಅದರಲ್ಲಿದೆ. ಅದನ್ನೇ ನೆಪ ಮಾಡ್ಕೊಂಡು ರಾತ್ರಿ ವಿಮಾನದ ಮಾತೇ ಎತ್ತದೆ ಇರೋದು ನನ್ನ ಪ್ರಕಾರ ಅನ್ಯಾಯ. ಫ್ರಾಂಕ್‌ಫರ್ಟ್‌ನಂಥ ದೊಡ್ಡ ಏರ್‌ಪೋರ್ಟ್‌ನಲ್ಲೇ 2011ರಿಂದ ರಾತ್ರಿ 11ರಿಂದ ಬೆಳಗ್ಗೆ 5ರವರೆಗೆ ನಿಗದಿತ ವಿಮಾನ ಇಲ್ಲ, 2012ರಲ್ಲಿ ಅಲ್ಲಿನ ಕೋರ್ಟ್ ಕೂಡ ಅದನ್ನ ಎತ್ತಿ ಹಿಡೀತು. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಯುರೋಪಿಗೆ ಕೊಟ್ಟ ಶಿಫಾರಸಿನಲ್ಲಿ ವಿಮಾನದ ಸದ್ದು ರಾತ್ರಿ ಸರಾಸರಿ 40 ಡೆಸಿಬೆಲ್‌ಗಿಂತ ಕೆಳಗಿರಬೇಕು ಅಂದಿದೆ, ನಿದ್ದೆ ಕೆಡತ್ತೆ ಅನ್ನೋ ಕಾರಣಕ್ಕೆ. ನಮ್ಮಲ್ಲಿ ಬೆಳಗಿನ ಜಾವದ ಸರಕು ವಿಮಾನಗಳು ಇನ್ನೂ ಬರ್ತಾನೇ ಇವೆ, ಅದನ್ನ ನಿಲ್ಲಿಸೋ ಅಧಿಕಾರ ನನ್ನ ಆಫೀಸಿಗಿಲ್ಲ, ವಿಮಾನಯಾನದ ನಿಯಮ ನೋಡ್ಕೊಳ್ಳೋ ನಿಯಂತ್ರಕರಿಗಿದೆ. ಹಾಗಾಗಿ ಗಂಟೆವಾರು ಎನ್60 ಟೇಬಲ್ ಜೊತೆ ಬಡಾವಣೆಯವರದೇ ಪತ್ರ ಇಟ್ಟು ನಿಯಂತ್ರಕರಿಗೆ ಕಳ್ಸಿದೀವಿ, ಅವ್ರು ಕೇಳಿದ ಹೆಚ್ಚಿನ ಮಾಹಿತಿನೂ ಹೋಗಿದೆ, ನಿರ್ಧಾರ ಬರಬೇಕು. ಅಲ್ಲಿವರೆಗೆ ಪ್ರತಿ ತಿಂಗಳ ಟೇಬಲ್ ಹಾಕ್ತಿರ್ತೀನಿ, ಪತ್ರ ಯಾರ ಟೇಬಲ್ ಮೇಲಿದೆ ಅಂತಾನೂ ಅದರ ಕೆಳಗೇ ಬರೀತೀನಿ.